ಒಂದು ಸಹಿಗಾಗಿ ಕಾದ ಮಾತು

"ಬನ್ನಿ, ಕ್ಯಾಪ್ಟನ್ ಸಮ್ರೀನ್!"

ಆ ದನಿ ಕೇಳಿದ್ದೇ ತಡ, ವೇದಿಕೆಯ ಮೆಟ್ಟಿಲ ಮೇಲಿದ್ದ ಸಮ್ರೀನಳ ಕಾಲು ಅಲ್ಲೇ ನಿಂತುಬಿಟ್ಟಿತು.

ಮುಬಶ್ಶಿರ್!

ಎರಡು ವರ್ಷ ಎಂಟು ತಿಂಗಳಿಂದ ಯಾರ ಹೆಸರು ಕಿವಿಗೆ ಬಿದ್ದರೂ ಮಾತು ಬದಲಿಸುತ್ತಿದ್ದಳೋ, ಅವನೇ ಎದ್ದು ನಿಂತು ಪಕ್ಕದ ಕುರ್ಚಿ ತೋರಿಸುತ್ತಿದ್ದ. ಸ್ವಲ್ಪ ಇಳಿದುಹೋಗಿದ್ದ. ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು ಬೇರೆ...

"ನಾನಿನ್ನೂ ಕ್ಯಾಪ್ಟನ್ ಆಗಿಲ್ಲ," ಎಂದಳು, ಅವನ ಮುಖ ನೋಡದೆ. "ನಿಮಗೆ ಗೊತ್ತೇ ಇರುತ್ತಲ್ಲ."

"ಇಲ್ಲ... ಗೊತ್ತಿರಲಿಲ್ಲ. ಇಷ್ಟು ಹೊತ್ತಿಗೆ ಆಗಿರ್ತೀರಿ ಅಂದ್ಕೊಂಡಿದ್ದೆ."

ಅವನ ದನಿಯಲ್ಲಿ ವ್ಯಂಗ್ಯ ಹುಡುಕಿದಳು. ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಶಿವಮೊಗ್ಗದ ಆ ಕಾಲೇಜಿನಲ್ಲಿ ಅವತ್ತು ಪೈಲಟ್‌ಗಳಿಗಾಗಿ ಸಲಹಾ ಕಾರ್ಯಕ್ರಮ. ಸಣ್ಣ ವಿಮಾನ ಕಂಪನಿಯಿಂದ ದೊಡ್ಡ ಕಂಪನಿಗೆ ಏರುವುದು ಹೇಗೆ ಎನ್ನುವುದು ವಿಷಯ. ಪ್ರಿನ್ಸಿಪಾಲ್ ಗಂಗಾಧರಪ್ಪನವರು ಊರಿನವರೇ ಇರಲಿ ಎಂದು ಇಬ್ಬರನ್ನು ಕರೆದಿದ್ದರು. ಒಬ್ಬಳು ಏರಿದವಳು, ಒಬ್ಬ ಉಳಿದವನು. ಈ ಇಬ್ಬರ ನಡುವೆ ಏನು ಉರಿದು ಬೂದಿಯಾಗಿದೆ ಎಂದು ಪಾಪ, ಅವರಿಗೇನು ಗೊತ್ತು?

ಆಗ ಇಬ್ಬರೂ ಒಂದೇ ಸಣ್ಣ ಕಂಪನಿಯಲ್ಲಿದ್ದರು. ಭದ್ರಾವತಿ ನ್ಯೂ ಟೌನ್‌ನ ಮುಬಶ್ಶಿರ್ ಎಡಗಡೆ ಸೀಟಿನ ಕ್ಯಾಪ್ಟನ್. ಮಾಚೇನಹಳ್ಳಿಯಲ್ಲಿ ಲೇತ್ ಮೆಷಿನ್ ಇಟ್ಟುಕೊಂಡಿದ್ದ ಖಾಜಾ ಪೀರ್ ಅವರ ಮಗಳು ಸಮ್ರೀನ್ ಬಲಗಡೆಯ ಕೋ-ಪೈಲಟ್. ಅವಳನ್ನು ಎಡಗಡೆ ಸೀಟಿಗೆ ತಯಾರು ಮಾಡುವ ಹೊಣೆ ಅವನದೇ. ತರಬೇತಿ ಮುಗಿದ ಮೇಲೆ 'ಈಕೆ ಕ್ಯಾಪ್ಟನ್ ಆಗಲು ಯೋಗ್ಯಳು' ಎಂಬ ಕಾಗದಕ್ಕೆ ಅವನು ಸಹಿ ಹಾಕಬೇಕಿತ್ತು.

ಬೆಂಗಳೂರು–ಶಿವಮೊಗ್ಗ ಹಾರಾಟ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಮುಗಿಯುತ್ತದೆ. ಹತ್ತು ಸಾವಿರ ಅಡಿಗಿಂತ ಕೆಳಗಿದ್ದಾಗ ಪೈಲಟ್‌ಗಳು ಕೆಲಸದ ಮಾತು ಬಿಟ್ಟು ಬೇರೆ ಆಡುವಂತಿಲ್ಲ. ಹತ್ತುವುದು, ಇಳಿಯುವುದು ಕಳೆದರೆ ಬಾಕಿ ಉಳಿಯುತ್ತಿದ್ದದ್ದು ಹತ್ತೇ ನಿಮಿಷ. ಆ ಹತ್ತು ನಿಮಿಷಕ್ಕಾಗಿ ಸಮ್ರೀನ್ ಬೆಳಗಿನ ನಾಲ್ಕಕ್ಕೇ ಎದ್ದು ಕೂರುತ್ತಿದ್ದಳು ಎಂದರೆ ನಂಬುತ್ತೀರಾ? ಮನೆಯ ಮಾತು, ತಿಂಡಿಯ ಮಾತು, ಸುಮ್ಮನೆ ನಗು... ಹೆಸರಿಡದ ಪ್ರೀತಿ ಅಲ್ಲೇ ಚಿಗುರಿತ್ತು.

"ದೊಡ್ಡ ಕಂಪನಿಗೆ ಈಗಲೇ ಅರ್ಜಿ ಹಾಕ್ಬೇಡಿ," ಎಂದು ಅವನು ಹೇಳುತ್ತಲೇ ಇದ್ದ. "ಮೊದ್ಲು ಇಲ್ಲಿ ಕ್ಯಾಪ್ಟನ್ ಆಗಿ. ಕ್ಯಾಪ್ಟನ್ ಆಗಿ ಹಾರಿದ ಗಂಟೆ ಇದ್ರೆ ಅಲ್ಲಿ ಮರ್ಯಾದೆ ಬೇರೆ. ಈಗ ಹೋದ್ರೆ ಸಾಲಿನ ಕೊನೇಲಿ ನಿಲ್ಲಿಸ್ತಾರೆ."

ಅವಳು ತಲೆಯಾಡಿಸುತ್ತಿದ್ದಳು. ಸಹೋದ್ಯೋಗಿ ರುದ್ರೇಶ್ ಬಂದು, "ನಿಮ್ ಕ್ಯಾಪ್ಟನ್ ಹೆಸರೇ ಆ ಕಂಪನಿ ಇಂಟರ್‌ವ್ಯೂ ಲಿಸ್ಟಲ್ಲಿತ್ತಂತೆ ಮಾರಾಯ್ತಿ!" ಎನ್ನುವವರೆಗೆ.

ಮರುದಿನವೇ, ಆ ಹತ್ತು ನಿಮಿಷದ ಕೊನೆಯಲ್ಲಿ, ಕೇಳಿಬಿಟ್ಟಳು.

"ನೀವು ಅಲ್ಲಿಗೆ ಅರ್ಜಿ ಹಾಕಿದೀರಾ?"

"ಹಾಕಿದ್ದೆ. ಆದ್ರೆ..."

"ಮತ್ತೆ ನನಗ್ಯಾಕೆ ಬೇಡ ಅಂತೀರಾ?"

ಅವನು ಬಾಯಿ ತೆರೆದ. ವಿಮಾನ ಆಗಲೇ ಇಳಿಯುತ್ತಿತ್ತು. ಹತ್ತು ಸಾವಿರ ಅಡಿ. "ಆಮೇಲೆ ಹೇಳ್ತೀನಿ," ಎಂದು ಮುಂದೆ ನೋಡತೊಡಗಿದ.

ಆ 'ಆಮೇಲೆ' ಬರಲೇ ಇಲ್ಲ, ಏಕೆಂದರೆ ಇವಳು ಬರಲು ಬಿಡಲಿಲ್ಲ. ಕೋಪದ ಕೈಗೆ ಬುದ್ಧಿ ಕೊಟ್ಟವಳು ಅವತ್ತೇ ಅರ್ಜಿ ಹಾಕಿದಳು. ಕೆಲಸ ಸಿಕ್ಕಿದ ಮೇಲೆ ರಾಜೀನಾಮೆ ಕೊಟ್ಟು, ನೋಟಿಸ್ ಅವಧಿ ಮುಗಿಯುವವರೆಗೂ ಅವನ ಜೊತೆ ಡ್ಯೂಟಿ ಬೇಡವೆಂದು ಬರೆದುಕೊಟ್ಟಳು. ಅವನ ನಂಬರ್ ಬ್ಲಾಕ್ ಮಾಡಿದಳು. ಸ್ವಾರ್ಥಿ... ತಾನೊಬ್ಬ ಮೇಲೆ ಹೋಗಬೇಕು, ನಾನು ಇಲ್ಲೇ ಬಿದ್ದಿರಬೇಕು! ಎರಡೂವರೆ ವರ್ಷ ಇದನ್ನೇ ಹೇಳಿಕೊಂಡು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದಳು.

ಗಂಗಾಧರಪ್ಪನವರು ಮೈಕ್ ಹಿಡಿದರು.

"ಮುಬಶ್ಶಿರ್ ಅವರ ವಿಷಯ ಒಂದು ಹೇಳ್ಬೇಕು. ದೊಡ್ಡ ಕಂಪನಿಯಿಂದ ಆಫರ್ ಲೆಟರ್ ಬಂದಿತ್ತು. ಮೂರು ವರ್ಷದ ಹಿಂದೆ! ಬೇಡ ಅಂತ ಬರೆದು ಕಳಿಸಿದ ಪುಣ್ಯಾತ್ಮ ಇವ್ರು!"

ಸಭೆ ನಕ್ಕಿತು. ಸಮ್ರೀನ್ ತಿರುಗಿ ಅವನ ಮುಖ ನೋಡಿದಳು.

ಮೂರು ವರ್ಷದ ಹಿಂದೆ? ಅಂದರೆ ನಾನು ಕೇಳುವ ಮೊದಲೇ ಬೇಡ ಎಂದಿದ್ದನಾ? ಹಾಗಾದರೆ... ಯಾಕೆ?

ಅಷ್ಟರಲ್ಲಿ ಎರಡನೇ ಸಾಲಿನಿಂದ ಪೂಜಿತಾ ಎಂಬ ಹುಡುಗಿ ಎದ್ದಳು. ಸಣ್ಣ ಕಂಪನಿಯಲ್ಲಿ ಕೋ-ಪೈಲಟ್ ಅಂತೆ.

"ಸರ್, ಕ್ಯಾಪ್ಟನ್ ಆಗೋವರೆಗೂ ಕಾಯ್ಬೇಕಾ, ಈಗಲೇ ದೊಡ್ಡ ಕಂಪನಿಗೆ ಹೋಗ್ಬೇಕಾ?"

ಮುಬಶ್ಶಿರ್ ಮೈಕ್ ಹತ್ತಿರ ಬಾಗಿದ. "ಇದಕ್ಕೆ ನಾನು ಉತ್ತರ ಕೊಡಲ್ಲಮ್ಮ. ಒಮ್ಮೆ ಒಬ್ರಿಗೆ ಸಲಹೆ ಕೊಟ್ಟೆ, ಕಾರಣ ಹೇಳಲಿಲ್ಲ. ಕಾರಣ ಹೇಳದ ಸಲಹೆ ಅಪ್ಪಣೆ ಆಗ್ಬಿಡುತ್ತೆ. ಮೇಡಂ ಹೇಳ್ಲಿ."

ಸಮ್ರೀನ್ ಎದ್ದು ನಿಂತಳು. ಸಿದ್ಧ ಮಾಡಿಕೊಂಡು ಬಂದಿದ್ದ ಭಾಷಣದ ಒಂದಕ್ಷರವೂ ನೆನಪಿಗೆ ಬರಲಿಲ್ಲ.

"ಹೋಗೋದು ತಪ್ಪಲ್ಲ, ಪೂಜಿತಾ. ದೊಡ್ಡ ವಿಮಾನ ಕಲಿತೆ, ದೇಶ ನೋಡಿದೆ. ಆದ್ರೆ ಆರು ತಿಂಗಳು ಕಾದಿದ್ರೆ ಕ್ಯಾಪ್ಟನ್ ಆಗಿ ಹೋಗ್ತಿದ್ದೆ. ಈಗ ಇನ್ನೂ ನಾಲ್ಕು ವರ್ಷ ಕಾಯ್ಬೇಕು. ಯಾವಾಗ ಬೇಕಾದ್ರೂ ಹೋಗಿ... ಯಾರ ಮೇಲೋ ಸಿಟ್ಟು ಮಾಡ್ಕೊಂಡು ಮಾತ್ರ ಹೋಗ್ಬೇಡಿ."

ಚಪ್ಪಾಳೆ ಬಿತ್ತು. ಅವನೊಬ್ಬ ತಟ್ಟಲಿಲ್ಲ. ತಲೆ ತಗ್ಗಿಸಿ ಕೂತಿದ್ದ.

ಕಾರ್ಯಕ್ರಮ ಮುಗಿದಾಗ ಮಧ್ಯಾಹ್ನ. "ಭದ್ರಾವತಿಗೆ ಹೊರಟಿದೀನಿ. ಮಾಚೇನಹಳ್ಳಿಗಾದ್ರೆ ಬಿಡ್ತೀನಿ," ಎಂದ. ಅವಳ ಅಬ್ಬಾ ಅಲ್ಲಿನ ವರ್ಕ್‌ಶಾಪಿನಲ್ಲೇ ಇದ್ದರು. ಬೇಡ ಎನ್ನಬೇಕೆಂದುಕೊಂಡವಳು ಕಾರು ಹತ್ತಿ ಕೂತಳು.

ಕಾರು ಊರು ದಾಟಿತು. ಕೊನೆಗೆ ಅವಳೇ ಕೇಳಿದಳು.

"ಆಫರ್ ಯಾಕೆ ಬಿಟ್ರಿ?"

"ನಿಮ್ಮ ತರಬೇತಿ ಅರ್ಧಕ್ಕೆ ಬಂದಿತ್ತು. ನಾನು ಹೋದ್ರೆ ಹೊಸಬ್ರು ಬಂದು ಮೊದಲಿಂದ ಶುರು ಮಾಡ್ತಿದ್ರು. ಒಂದು ವರ್ಷ ಹಿಂದೆ ಬೀಳ್ತಿದ್ರಿ."

"ಅಷ್ಟು ಹೇಳೋಕೆ ಏನಾಗಿತ್ತು ನಿಮಗೆ!" ಅವಳ ದನಿ ಒಡೆಯಿತು. "ನೆಲದ ಮೇಲೆ ಹೇಳ್ಬಹುದಿತ್ತಲ್ಲ... ಒಂದು ದಿನ, ಒಂದೇ ಒಂದು ದಿನ!"

ಅವನು ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದ.

"ಅಷ್ಟು ಹೇಳಿದ್ರೆ ಮಿಕ್ಕಿದ್ದೂ ಹೇಳ್ಬೇಕಾಗ್ತಿತ್ತು ಸಮ್ರೀನ್. ನಿಮ್ಮ ಮೇಲೆ ಮನಸ್ಸಾಗಿದೆ ಅಂತ ಗೊತ್ತಾದ್ಮೇಲೆ ನನ್ನ ಸಹಿಗೆ ಏನು ಬೆಲೆ? 'ಹುಡುಗಿ ಮೇಲೆ ಆಸೆಪಟ್ಟು ಪಾಸ್ ಮಾಡಿದ' ಅಂತಿದ್ರು. ನೀವು ಸ್ವಂತ ಯೋಗ್ಯತೆಯಿಂದ ಕ್ಯಾಪ್ಟನ್ ಆದ್ರಿ ಅಂತ ಒಬ್ರೂ ನಂಬ್ತಿರಲಿಲ್ಲ. ಸಹಿ ಹಾಕಿದ ಮಾರನೇ ದಿನ ನಿಮ್ಮನೆಗೆ ಹೆಣ್ಣು ಕೇಳೋಕೆ ಬರೋದು ಅಂತ ಅಮ್ಮಿಗೂ ಹೇಳಿದ್ದೆ."

ಮೌನ ಬಂಗಾರ ಎನ್ನುತ್ತಾರೆ. ಆ ಬಂಗಾರ ಇವರಿಬ್ಬರ ಕೊರಳಿಗೇ ಉರುಳಾಗಿತ್ತು.

ಸಮ್ರೀನ್ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಎಂಥ ಮನುಷ್ಯನನ್ನು ಸ್ವಾರ್ಥಿ ಎಂದುಬಿಟ್ಟೆ... ಯಾ ಅಲ್ಲಾ!

"ಅಮ್ಮಿ... ಮೆಹರ್ ಬಾನು ಆಂಟಿ ಹೇಗಿದಾರೆ?"

ಅವನು ಕಣ್ಣು ರಸ್ತೆಯ ಕಡೆ ತಿರುಗಿಸಿದ.

"ಹೋದ ವರ್ಷ ಹೋಗ್ಬಿಟ್ರು. ಆಸ್ಪತ್ರೇಲಿ ಇದ್ದಾಗ್ಲೂ 'ಹುಡುಗಿ ಮನೆಗೆ ಯಾವತ್ತು ಹೋಗೋದು' ಅಂತ ಕೇಳ್ತಿದ್ರು. ನಿಮಗೆ ಫೋನ್ ಮಾಡಿದ್ದೆ... ಹೋಗಲಿಲ್ಲ."

ಹೋಗುವುದಾದರೂ ಹೇಗೆ? ಬಾಗಿಲು ಹಾಕಿ ಚಿಲಕ ಜಡಿದವಳು ಅವಳೇ ಅಲ್ಲವೇ? ಬಿಕ್ಕಿ ಬಿಕ್ಕಿ ಅತ್ತಳು. ಕ್ಯಾಪ್ಟನ್ ಪಟ್ಟ ಇವತ್ತಲ್ಲ ನಾಳೆ ಬಂದೀತು. ಸೊಸೆಯ ಮುಖ ನೋಡಬೇಕೆಂದು ಕಾದ ಆ ತಾಯಿಗೆ ಇನ್ನು ಯಾವ ಉತ್ತರ ಕೊಡುವುದು?

"ಮಾಫ್ ಮಾಡಿ," ಎಂದಳು. "ಮಾಫ್ ಮಾಡಿ ಅನ್ನೋಕೂ ಮುಖ ಇಲ್ಲ ನನಗೆ."

"ನೀವೊಬ್ರೇ ಅಲ್ಲ. ನಾನೂ ತಪ್ಪಿದೀನಿ. ನಿಮ್ಮ ಜೀವನದ ಬಗ್ಗೆ ನಿಮ್ಮನ್ನ ಕೇಳದೆ ನಾನೊಬ್ನೇ ತೀರ್ಮಾನ ಮಾಡ್ದೆ."

ಕಾರು ಮತ್ತೆ ಹೊರಟಿತು. ಮಾಚೇನಹಳ್ಳಿಯ ವರ್ಕ್‌ಶಾಪಿನ ಮುಂದೆ ನಿಂತಾಗ ಒಳಗೆ ಲೇತ್ ಮೆಷಿನ್ ಸದ್ದು ಮಾಡುತ್ತಿತ್ತು. ಸಮ್ರೀನ್ ಬಾಗಿಲು ತೆರೆದಳು, ಇಳಿಯಲಿಲ್ಲ.

"ಆ ಮನಸ್ಸು... ಈಗಲೂ ಇದೆಯಾ?"

"ಇದೆ. ಆದ್ರೆ ಕೇಳೋಕೆ ಕಳಿಸೋಣ ಅಂದ್ರೆ ಮನೇಲಿ ಹಿರಿಯರು ಅಂತ ಯಾರೂ ಇಲ್ಲ ಸಮ್ರೀನ್."

ಅವಳು ಕಣ್ಣೊರೆಸಿಕೊಂಡಳು.

"ಯಾರನ್ನೂ ಕಳಿಸ್ಬೇಡಿ. ನೀವೇ ಇಳೀರಿ. ಅಬ್ಬಾ ಒಳಗಿದಾರೆ."

"ಈಗಲೇನಾ? ಏನಂತ ಹೇಳ್ಲಿ ಅವರಿಗೆ?"

"ತಡ ಆಯ್ತು, ಅಮ್ಮಿ ಜೊತೆ ಬರ್ಬೇಕಿತ್ತು ಅಂತ ಹೇಳಿ."

"ಆಮೇಲೆ?"

"ಆಮೇಲಿಂದು ನಾನು ಹೇಳ್ತೀನಿ," ಎಂದು ಸಮ್ರೀನ್ ಅವನ ಕೈ ಹಿಡಿದುಕೊಂಡಳು.