ಬೆರಳಿನ ಉಂಗುರ, ಎದೆಯ ಬ್ಯಾಡ್ಜು

ಒಂದ್ನಿಮಿಷ ಕೂತ್ಕೊಳ್ಳಿ, ಪೂರ್ತಿ ಕೇಳಿ. ಆಮೇಲೆ ಯಾರನ್ನ ಬೈಬೇಕೋ ಬೈಯಿರಿ.

ಅದು ಜೀವಶಾಸ್ತ್ರದ ಲ್ಯಾಬು. ವಿಕಿರಣ ಸೂಸೋ ರಂಜಕ ಬಳಸೋ ಕೆಲಸ. ಅದನ್ನ ಮುಟ್ಟೋರೆಲ್ಲ ಎದೆಗೊಂದು ಬ್ಯಾಡ್ಜು, ಗ್ಲೌಸ್ ಒಳಗೆ ಬೆರಳಿಗೊಂದು ಉಂಗುರ ಹಾಕ್ಲೇಬೇಕು. ಮೈಗೆ ಎಷ್ಟು ವಿಕಿರಣ ಬಿತ್ತು ಅಂತ ಎರಡೂ ಅಳೀತವೆ. ಈ ತಿಂಗಳು ಹೊಸ ಹುಡುಗಿಯ ಬ್ಯಾಡ್ಜು ಎಚ್ಚರಿಕೆಯ ಗೆರೆ ದಾಟಿಬಿಟ್ಟಿತ್ತು!

"ನಾಳೆಯಿಂದ ಬರೋದು ಬೇಡ," ಅಂದ್ರು ದೊಡ್ಡ ಸರ್.

"ಸರ್, ಅಡ್ಡಕ್ಕೆ ಪ್ಲಾಸ್ಟಿಕ್ ಹಲಗೆ ಇಡದೆ ನಾನು ಬಾಟ್ಲೀನೇ ತೆಗೆಯಲ್ಲ." ಹುಡುಗಿ ಕಣ್ಣಲ್ಲಿ ನೀರು.

"ಸಂಜೆವರೆಗೂ ಟೈಮ್ ಕೊಡಿ ಸರ್," ಅಂದ್ರು ಸುರಕ್ಷತಾ ಅಧಿಕಾರಿ. ಎಲ್ಲಿ ಹೋದ್ರೂ ಕೈಯಲ್ಲಿ ವಿಕಿರಣ ಸಿಕ್ಕಿದ್ರೆ ಟಿಕ್‌ಟಿಕ್ ಅನ್ನೋ ಮೀಟರು. ಅದಕ್ಕೇ ಎಲ್ಲರ ಬಾಯಲ್ಲಿ ಟಿಕ್‌ಟಿಕ್ ಮೇಡಂ.

*

ಏನಾದ್ರೂ ಚೆಲ್ಲಿತಾ? ಮೇಜು, ಸಿಂಕು, ಹುಡುಗಿಯ ಚಪ್ಪಲಿ, ಎಲ್ಲದರ ಮೇಲೂ ಮೀಟರ್ ಆಡಿಸಿದ್ರು. ತೆಪ್ಪಗಿತ್ತು.

"ನಿಮ್ಮ ಮೀಟರಿಗೆ ನಿದ್ದೆ ಬಂದಿದೆ ಮೇಡಂ," ಅಂತ ನಕ್ಕಳು ಹಿರಿಯ ಸಂಶೋಧಕಿ. ಲ್ಯಾಬಿಗೆಲ್ಲ ಅವಳು 'ಅಕ್ಕ'.

ಬ್ಯಾಡ್ಜಿರೋ ಕೋಟನ್ನ ರಂಜಕದ ಫ್ರಿಜ್ ಪಕ್ಕ ನೇತುಹಾಕಿದ್ಲಾ? ಕೋಟಿನ ಗೂಟ ಆ ಕೊನೆಗೆ, ಫ್ರಿಜ್ಜು ಈ ಕೊನೆಗೆ. ಅದೂ ಠುಸ್.

ಆಗ ಮೇಡಂ ಉಂಗುರದ ಅಂಕಿ ನೋಡಿದ್ರು. ಹುಡುಗಿದು ಚೂರೇ ಚೂರು!

*

ಅಕ್ಕನನ್ನ ಸಾಮಾನಿನ ಕೋಣೆಗೆ ಕರೆದ್ರು.

"ಬಾಟ್ಲಿ ಹಿಡಿಯೋದು ಬೆರಳು. ಎದೆ ಹಲಗೆ ಹಿಂದಿರುತ್ತೆ. ಬೆರಳಿಗೇ ಜಾಸ್ತಿ ಬೀಳ್ಬೇಕು. ಅವಳದ್ದು ಉಲ್ಟಾ. ಅಂದ್ರೆ ಅವಳ ಬ್ಯಾಡ್ಜು ಇನ್ನೊಬ್ಬರ ಎದೆ ಮೇಲಿತ್ತು."

"ಯಾರ ಎದೆ ಮೇಲೆ?"

"ತಿಂಗಳಿಡೀ ದುಡಿದ್ರೂ ಬ್ಯಾಡ್ಜಲ್ಲಿ ಸೊನ್ನೆ ಬಂದಿರೋರು. ನಿಮ್ಮ ಉಂಗುರದ ತುಂಬ ಅಂಕಿ ಇದೆ. ಬ್ಯಾಡ್ಜು ಬದಲಾಯಿಸಿದ್ರಿ, ಉಂಗುರ ಮರೆತ್ರಿ."

ಅಕ್ಕ ಸ್ಟೂಲ್ ಮೇಲೆ ಕುಸಿದಳು. ಕೈ ಹೊಟ್ಟೆಗೆ ಹೋಯ್ತು.

"ನಾನು ಬಸುರಿ ಮೇಡಂ. ಹೇಳಿದ್ರೆ ಪ್ರಯೋಗ ಕೈತಪ್ಪುತ್ತೆ. ಎಷ್ಟು ಬಿದ್ದಿದೆ ಅಂತ ನನ್ನ ಹೆಸರಲ್ಲಿ ನೋಡೋಕೂ ಧೈರ್ಯ ಇರ್ಲಿಲ್ಲ. ಬ್ಯಾಡ್ಜಿಲ್ಲದೆ ಕೆಲಸ ಮಾಡೋ ಹಾಗಿಲ್ಲ, ಅದಕ್ಕೇ ಅವಳು ಪಾಠಕ್ಕೆ ಹೋದಾಗ ಅವಳ ಬ್ಯಾಡ್ಜು ಹಾಕ್ಕೊಂಡೆ. ಇಬ್ಬರದ್ದು ಸೇರಿದ್ರೂ ಗೆರೆ ದಾಟಲ್ಲ ಅನ್ಕೊಂಡಿದ್ದೆ."

"ಅವಳು ಬಾಯ್ತುಂಬ ಅಕ್ಕ ಅಂತಾಳಲ್ರೀ ನಿಮ್ಮನ್ನ!"

ಅಕ್ಕ ಬಿಕ್ಕಿದಳು. ಮೇಡಂ ಸ್ಟೂಲ್ ಹತ್ರ ಬಂದ್ರು.

"ಈಗಿಂದ ಆ ರೂಮಿಗೆ ಕಾಲಿಡ್ಬೇಡಿ. ಇವತ್ತೇ ಡಾಕ್ಟರ ಹತ್ರ ಹೋಗಿ. ನಿಜವಾದ ಅಂಕಿ ಲೆಕ್ಕ ಹಾಕಿ ಕೊಡ್ತೀನಿ. ಹೆದರ್ಬೇಡಿ ಅನ್ನೋಕೆ ನಾನು ಡಾಕ್ಟರಲ್ಲ."

"ನಮ್ಮನೆಯವರಿಗೇ ಇನ್ನೂ ಹೇಳಿಲ್ಲ ಮೇಡಂ..."

*

ಉಂಗುರದ ಲೆಕ್ಕ ಕೇಳಿ ಸರ್ ಕನ್ನಡಕ ತೆಗೆದ್ರು. ಹುಡುಗಿ ಬ್ಯಾಗ್ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು.

"ಹಾಗಾದ್ರೆ ಬ್ಯಾಡ್ಜು ಯಾರ ಮೈಮೇಲಿತ್ತು?"

"ನನ್ನ ಮೈಮೇಲೆ ಸರ್," ಅಂತ ಅಕ್ಕ ಒಳಗೆ ಬಂದಳು. ಹುಡುಗಿ ಕಡೆ ತಿರುಗಿ, "ತಪ್ಪಾಯ್ತು ಕಣೇ."

ಹುಡುಗಿಯ ಬ್ಯಾಗು ಹೆಗಲಿಂದ ಜಾರಿತು.

"ನೀನಾ? ಯಾಕಮ್ಮಾ?" ಸರ್ ಕೆಂಡಾಮಂಡಲ. ಅಕ್ಕ ಬಾಗಿ ಹುಡುಗಿಯ ಬ್ಯಾಗ್ ಎತ್ತಿದಳು. ಸರ್ ಮೇಡಂ ಕಡೆ ತಿರುಗಿದ್ರು. "ನಿಮಗಾದ್ರೂ ಗೊತ್ತಾ?"

"ಗೊತ್ತು ಸರ್. ಅದು ನಾನು ಹೇಳೋ ಮಾತಲ್ಲ."

ಹುಡುಗಿ ಉಳ್ಕೊಂಡಳು. ಅಕ್ಕನ ಪ್ರಯೋಗ ಆವತ್ತೇ ಬೇರೆಯವರ ಪಾಲಾಯ್ತು. ಕಾರಣ ಹೇಳಿದ್ದಿದ್ರೆ ಸರ್ ಕರಗ್ತಿದ್ರೋ ಏನೋ. ಆದ್ರೆ ಮಗು ಸುದ್ದಿ ಅಪ್ಪನಿಗಿಂತ ಮೊದಲು ಲ್ಯಾಬಿಗೆ ತಲುಪ್ತಿತ್ತು. ಮೇಡಂ ಜಾಗದಲ್ಲಿ ನೀವಿದ್ದಿದ್ರೆ ಬಾಯಿ ಬಿಡ್ತಿದ್ರಾ?