ಐದು ಚೆಂಡು, ಒಂದು ಅಂಗೈ

ದಾವಲಮಲಿಕನ ಎಡ ಅಂಗೈ ನೋಡಿ ಮಶಾಕಸಾಬರು ಗಾಬರಿಬಿದ್ದರು. ಅಂಗೈ ತುಂಬ ನೀರುಗುಳ್ಳೆ, ನಡುವೆ ಕಪ್ಪು ಕಲೆ. ಮರುದಿನವೇ ಅವನು ಐದು ಚೆಂಡು ಒಂದರ ಹಿಂದೊಂದು ಎಸೆದು ಹಿಡಿಯುತ್ತ, ಬೀಳದಂತೆ ಹಾರಿಸುವುದನ್ನು ನೋಡಲು ಇಂಡಿ, ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಜನ ಬರುವವರಿದ್ದರು.

"ಐದರಾಗ ಒಂದು ಚೆಂಡಿಗಿ ಯಾರೋ ಕೇರೆಣ್ಣಿ ಸವರ್ಯಾರ್ರಿ," ಎಂದ ದಾವಲಮಲಿಕ. "ನಿನ್ನಿ ಮುಂಜಾನಿ ಐದೂ ಹಾರಿಸೇನಿ. ಇವತ್ತ ಎದ್ದು ನೋಡಿದ್ರ ಹಿಂಗ."

ಬಟ್ಟೆಗೆ ಗುರುತು ಹಾಕುವ, ಮೈಗೆ ತಾಗಿದರೆ ಸುಡುವ ಆ ಎಣ್ಣೆ ಇದ್ದದ್ದು ಮಶಾಕಸಾಬರ ಮಗ ಅಬ್ದುಲರಜಾಕನ ಲಾಂಡ್ರಿಯಲ್ಲಿ. ಅವನೂ ಚೆಂಡು ಹಾರಿಸುವವನೇ, ಆದರೆ ನಾಲ್ಕಕ್ಕೆ ನಿಂತವನು. ಹೊಟ್ಟೆಕಿಚ್ಚು ಎಂದರು ಜನ. ಸಿಟ್ಟು ಬಂದರೆ ಮಶಾಕಸಾಬರಿಗೆ ಹಿಂದುಮುಂದು ಕಾಣುತ್ತಿರಲಿಲ್ಲ. "ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ," ಎಂದುಬಿಟ್ಟರು ಮಗನಿಗೆ.

ಆಮೇಲೆ ಸಂಕಟ ತಡೆಯದೆ ಸರಸ್ವತೀಬಾಯಿಯವರ ಮನೆಗೆ ಓಡಿದರು. ನಿವೃತ್ತ ಶಿಕ್ಷಕಿಯಾದ ಆಕೆ ಊರಿನ ಎಷ್ಟೋ ಕಗ್ಗಂಟು ಬಿಡಿಸಿದ್ದರು. ಅಂಥ ಹೊತ್ತಿನಲ್ಲೆಲ್ಲ ಜೊತೆಗಿದ್ದವರು ಮಶಾಕಸಾಬರೇ.

"ದಾವಲಮಲಿಕ ಐದು ಹಾರಿಸ್ತಾನ ಅಂತ ನಿಮ್ಮ ಪತ್ರಿಕ್ಯಾಗ ಬರದವರು ಯಾರು?" ಎಂದು ಎಲ್ಲ ಕೇಳಿಸಿಕೊಂಡ ಸರಸ್ವತೀಬಾಯಿ ಕೇಳಿದರು.

"ನಾನ ರೀ."

ಚೆಂಡು ಹಾರಿಸುವ ಹವ್ಯಾಸಿಗಳಿಗಾಗಿ ಮಶಾಕಸಾಬರು ತಿಂಗಳಿಗೊಮ್ಮೆ ಕೈಬರಹದ ಪತ್ರಿಕೆ ತೆಗೆದು ಅಂಚೆಗೆ ಹಾಕುತ್ತಿದ್ದರು. ತಾಂಬಾದ ರೈತನೊಬ್ಬ ಮೂರು ನಿಂಬೆಹಣ್ಣು ಹಾರಿಸುತ್ತಲೇ ಹೊಲ ಮುಟ್ಟಿದ ಸುದ್ದಿಯೂ ಅದರಲ್ಲಿ ಬಂದಿತ್ತು.

"ಕಣ್ಣಾರೆ ನೋಡೀರೇನು?"

"ಇಲ್ಲರಿ. ಬಾಗಲಾ ಹಾಕ್ಕೊಂಡು ಮಾಡ್ತಾನ. ಅವರವರು ಹೇಳಿದ್ದು ಬರ್ಯೂದ ನಮ್ಮ ಪದ್ಧತಿ."

ಬಾಯಿ ಸಂಜೆ ಎಲ್ಲರನ್ನೂ ತಮ್ಮ ಅಂಗಳಕ್ಕೆ ಕರೆಸಿದರು. ಒಂದು ಚೆಂಡನ್ನು ನೀಲಿ ಮಸಿಯಲ್ಲಿ ಅದ್ದಿ ಅಬ್ದುಲರಜಾಕನಿಗೆ ಕೊಟ್ಟು, "ಇದನ್ನ ಕೂಡಿಸಿ ಮೂರು ಹಾರಸು," ಎಂದರು. ಅವನು ಹಾರಿಸಿ ಕೈ ತೋರಿಸಿದ. ಎರಡೂ ಅಂಗೈ ನೀಲಿಯಾಗಿದ್ದವು.

"ಐದು ಹಾರಿಸಿದ್ರ?"

"ಹಿಂಗ ಆಗ್ತದರಿ. ಮೂರಿರಲಿ, ಐದಿರಲಿ, ಪ್ರತಿ ಚೆಂಡೂ ಈ ಕೈಯಿಂದ ಆ ಕೈಗೆ ಹೋಗ್ತದ. ನಾಕಿದ್ರ ಮಾತ್ರ ಆಯಾ ಕೈದು ಆಯಾ ಕೈಯಾಗ ಉಳಿತಾವ."

ಬಾಯಿ ದಾವಲಮಲಿಕನ ಕಡೆ ತಿರುಗಿದರು. "ನಿನ್ನ ಬಲಗೈಗಿ ಒಂದು ಗುಳ್ಳಿನೂ ಇಲ್ಲಲ್ಲ. ಐದು ಹಾರಿಸಿದವ ಈ ತಪ್ಪು ಮಾಡ್ತಿದ್ದಿಲ್ಲ. ಉಣ್ಣೂ ಕೈ ಉಳಿಸಿಕೊಂಡು ಎಡಗೈಗಿ ನೀನ ಎಣ್ಣಿ ಹಚ್ಚಿಕೊಂಡಿ. ನಾಳೆ ಮಂದಿ ಮುಂದ ಬಣ್ಣ ಬಯಲಾಗ್ತಿತ್ತು, ಅದಕ್ಕ."

ದಾವಲಮಲಿಕ ಎಡಗೈಯನ್ನು ಬೆನ್ನ ಹಿಂದೆ ಸರಿಸಿದ. "ಐದು ನನಗ ಎಂದೂ ಬಂದಿಲ್ಲರಿ," ಎಂದ. "ಅಂಗಿ ಕೊಡಾಕ ಹೋದಾಗ ಲಾಂಡ್ರಿಯಾಗಿಂದ ಎಣ್ಣಿ ತಂದೆ."

ಮಶಾಕಸಾಬರಿಗೆ ತಮ್ಮ ತಪ್ಪು ಹೊಳೆಯಿತು. ನೋಡದೆ ಬರೆದವರೂ ತಾವೇ, ಕೇಳದೆ ಶಿಕ್ಷೆ ಕೊಟ್ಟವರೂ ತಾವೇ. ನಾಚಿಕೆಯಿಂದ ಮಗನ ಹತ್ತಿರ ಹೋಗಿ, "ಮನಿಗಿ ನಡಿಯಪ್ಪ," ಎಂದರು.

ಅಬ್ದುಲರಜಾಕ ಮಸಿಗೈಯನ್ನು ನಿಧಾನ ಒರೆಸಿಕೊಂಡ. "ಬಾಯಾರು ನನ್ನ ಕೈ ನೋಡಿದ್ರು," ಎಂದ. "ನೀವು ಒಂದು ಮಾತು ಸುದ್ದಾ ಕೇಳಲಿಲ್ಲ, ಅಪ್ಪಾ." ಹಾಗೆಂದು ಲಾಂಡ್ರಿಯ ಕಡೆ ನಡೆದುಬಿಟ್ಟ.