ಮಾವನ ಪಿಕಪ್ಪಿನ ಉಸಿರು

ಮಾವ ತಮ್ಮ ಡೀಸೆಲ್ ಪಿಕಪ್ಪಿನ ಕೀಲಿಯನ್ನು ಚಿಕ್ಕ ಅಳಿಯನ ಅಂಗೈಯಲ್ಲಿ ಇಟ್ಟ ದಿನ ದೊಡ್ಡ ಅಳಿಯ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ತಟ್ಟಿ ತಟ್ಟಿ ಅಂಗೈ ಕೆಂಪಾಯಿತು. ಹೊಟ್ಟೆಯಲ್ಲಿ ಹತ್ತಿಕೊಂಡ ಕಿಚ್ಚಿನ ಮುಂದೆ ಅದೇನೂ ಅಲ್ಲ ಬಿಡಿ.

ಈ ದೊಡ್ಡ ಅಳಿಯನನ್ನು ಎಲ್ಲರೂ ಕರೆಯುತ್ತಿದ್ದುದು ಫಿಟ್ಟರ್ ಎಂದು. ಇಪ್ಪತ್ತು ವರ್ಷದಿಂದ ಒಂದೇ ವರ್ಕ್‌ಶಾಪಿನಲ್ಲಿ ಡೀಸೆಲ್ ಗಾಡಿಗಳ ಕೆಲಸ ಮಾಡಿಕೊಂಡು ಬಂದವನು. ಮದುವೆಯಾದಾಗಿನಿಂದ, ಅಂದರೆ ಹನ್ನೊಂದು ವರ್ಷ, ಮಾವನ ಪಿಕಪ್ಪಿನ ಆರೈಕೆಯೆಲ್ಲ ಅವನದೇ. ಎಣ್ಣೆ ಬದಲಿಸಿದವನು ಅವನು, ಬ್ರೇಕ್ ಬಿಗಿ ಮಾಡಿದವನು ಅವನು, ಚಳಿಯಲ್ಲಿ ಸ್ಟಾರ್ಟ್ ಆಗದೆ ಹಟ ಹಿಡಿದಾಗ ರಮಿಸಿದವನೂ ಅವನೇ. ಆ ಎಂಜಿನ್ನಿನ ಸದ್ದು ಅವನಿಗೆ ಹೆಂಡತಿಯ ದನಿಯಷ್ಟೇ ಪರಿಚಿತ. ಹಾಗೆ ನೋಡಿದರೆ ಎಂಜಿನ್ನಿನ ಮಾತನ್ನೇ ಅವನು ಹೆಚ್ಚು ಗಮನವಿಟ್ಟು ಕೇಳುತ್ತಿದ್ದ. ಮಾವನಿಗೆ ವಯಸ್ಸಾದ ಮೇಲೆ ಗಾಡಿ ತನಗಲ್ಲದೆ ಇನ್ಯಾರಿಗೆ ಎಂದು ಅವನು ಮನಸ್ಸಿನಲ್ಲೇ ಅದಕ್ಕೆ ಬೇರೆ ಬಣ್ಣವನ್ನೂ ಆರಿಸಿಟ್ಟಿದ್ದ.

ಆದರೆ ಗಾಡಿ ಹೋದದ್ದು ನಾದಿನಿಯ ಗಂಡನಿಗೆ. ಈ ಷಡ್ಡಕ ಗಿಡಗಳ ನರ್ಸರಿ ಇಟ್ಟುಕೊಂಡವನು. ಕುಂಡ, ಗೊಬ್ಬರ, ಸಸಿ ಸಾಗಿಸಲು ಅವನಿಗೆ ಗಾಡಿ ಬೇಕಿತ್ತು. "ನಿಮಗೆ ವರ್ಕ್‌ಶಾಪ್ ತುಂಬ ಗಾಡಿಗಳಿವೆಯಲ್ಲ, ಅಳಿಯಂದ್ರೆ" ಎಂದು ಮಾವ ನಕ್ಕರು. ಮಿಠಾಯಿ ಅಂಗಡಿಯಲ್ಲಿ ಕೆಲಸ ಮಾಡುವವನಿಗೆ ಹಬ್ಬದ ದಿನ ಸಿಹಿ ಬಡಿಸದೆ ಬಿಟ್ಟ ಹಾಗಿತ್ತು ಆ ಮಾತು. ಆ ನರ್ಸರಿಯವನಿಗೋ ನಟ್ಟಿಗೂ ಬೋಲ್ಟಿಗೂ ವ್ಯತ್ಯಾಸ ಗೊತ್ತಿಲ್ಲ. ಬಾನೆಟ್ ತೆರೆದರೆ ಯಾರದೋ ಮನೆಯ ಮಲಗುವ ಕೋಣೆಗೆ ನುಗ್ಗಿದವನಂತೆ ಮುಖ ತಿರುಗಿಸುತ್ತಾನೆ. ಫಿಟ್ಟರನಿಗೆ ನಿಜಕ್ಕೂ ನೋವಾಯಿತು. ಗಾಡಿ ತಪ್ಪಿತೆಂಬುದಕ್ಕಿಂತ ಹನ್ನೊಂದು ವರ್ಷದ ಸೇವೆ ಯಾರ ಕಣ್ಣಿಗೂ ಬೀಳಲಿಲ್ಲ ಎಂಬ ನೋವು.

ಆದರೂ ಮಾವ ಒಂದು ಕೊಕ್ಕೆ ಇಟ್ಟಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಅವರಿಗೆ ಗಾಡಿಯನ್ನು ಹಾಳುಗೆಡವುವವರನ್ನು ಕಂಡರೆ ಆಗದು. "ನೋಡಿ, ಕಾಗದಪತ್ರ ಇನ್ನೂ ನನ್ನ ಹೆಸರಲ್ಲೇ ಇರತ್ತೆ. ಸರಿಯಾಗಿ ನೋಡ್ಕೊಂಡಿಲ್ಲ ಅಂತ ಗೊತ್ತಾದ್ರೆ ಅವತ್ತೇ ಕೀಲಿ ಕಿತ್ಕೊಂಡು ದೊಡ್ಡ ಅಳಿಯಂದ್ರಿಗೆ ಕೊಡ್ತೀನಿ" ಎಂದು ಎಲ್ಲರೆದುರೇ ಹೇಳಿದ್ದರು. ಉಳಿದವರು ನಕ್ಕು ಮರೆತರು. ಫಿಟ್ಟರ್ ಮರೆಯಲಿಲ್ಲ. ಒಂದು ವರ್ಷ ಕಾದ. ನರ್ಸರಿಯವನು ಗಾಡಿಯನ್ನು ತಾನಾಗಿಯೇ ಹಾಳು ಮಾಡುತ್ತಾನೆಂದು ನಂಬಿದ್ದ. ಆ ಪುಣ್ಯಾತ್ಮ ವಾರಕ್ಕೊಮ್ಮೆ ಗಾಡಿ ತೊಳೆದು, ಹೇಳಿದ ಹೊತ್ತಿಗೆ ಎಣ್ಣೆ ಬದಲಿಸಲು ಇವನ ಬಳಿಗೇ ತಂದು, "ಅಣ್ಣ, ನೀವಿರೋದಕ್ಕೆ ನನಗೆ ಧೈರ್ಯ" ಎಂದು ಹಲ್ಲುಕಿರಿದು ಹೋಗುತ್ತಿದ್ದ. ಇನ್ನು ಇವನನ್ನು ನಂಬಿ ಕೂತರೆ ಆಗುವುದಿಲ್ಲ ಎಂದು ಫಿಟ್ಟರ್ ತೀರ್ಮಾನಿಸಿದ.

ಯೋಜನೆಗೆ ಅವನು ಹಾಕಿಕೊಂಡ ಮೊದಲ ಕಟ್ಟಳೆ ಎಂಜಿನ್ನಿಗೆ ನೋವಾಗಬಾರದು ಎಂಬುದು. ಡೀಸೆಲ್ಲಿಗೆ ನೀರು ಬೆರೆಸುವುದು, ಎಣ್ಣೆ ಸೋರಿಸುವುದು, ಇವೆಲ್ಲ ಕೈಲಾಗದವರ ಕೆಲಸ. ಮೇಲಾಗಿ ನಾಳೆ ತನ್ನ ಮನೆಯಂಗಳಕ್ಕೆ ಬರಬೇಕಾದ ಗಾಡಿ ಅದು. ಷಡ್ಡಕನಿಗೆ ಮೋಸ ಮಾಡುವುದು ಬೇರೆ ವಿಷಯ, ಎಂಜಿನ್ನಿಗೆ ಮೋಸ ಮಾಡುವುದು ಬೇರೆ. ಅದಕ್ಕೆ ಕಾಯಿಲೆ ಬಂದಂತೆ ಕಾಣಬೇಕು, ಎಲ್ಲರೂ ಗಾಬರಿಯಾಗಬೇಕು, ಕೀಲಿ ಕೈಬದಲಾದ ಮೇಲೆ ಐದು ನಿಮಿಷದಲ್ಲಿ ವಾಸಿಯಾಗಬೇಕು. ಇದಕ್ಕೆಲ್ಲ ಹೊಂದುವ ಜಾಗ ಒಂದೇ: ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಏರ್ ಫಿಲ್ಟರ್. ಗಾಳಿ ಕಡಿಮೆ ಬಿದ್ದರೆ ಡೀಸೆಲ್ ಪೂರ್ತಿ ಉರಿಯದೆ ಕರಿಹೊಗೆ ಕಾರುತ್ತದೆ, ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆ. ಹಳೆಯ ಪಿಕಪ್ಪಾದ್ದರಿಂದ ಚಾಡಿ ಹೇಳಲು ಅದರಲ್ಲಿ ಕಂಪ್ಯೂಟರೂ ಇರಲಿಲ್ಲ.

ಈಗ ಯಾವ ಫಿಲ್ಟರ್ ಎಂಬ ಪ್ರಶ್ನೆ. ಒಂದು ಮಧ್ಯಾಹ್ನ ರಜೆ ಹಾಕಿ, ಊರಿನ ಇನ್ನೊಂದು ತುದಿಯಲ್ಲಿ ತನ್ನ ಗುರುತು ಯಾರಿಗೂ ಇಲ್ಲದ ಬಿಡಿಭಾಗದ ಅಂಗಡಿಗೆ ಎರಡು ಬಸ್ಸು ಬದಲಿಸಿ ಹೋದ. ಅಂಗಡಿಯಾಕೆ ಕನ್ನಡಕ ಏರಿಸಿ ಮೂರು ಡಬ್ಬ ಇಟ್ಟಳು. ಮೊದಲನೆಯದು ಗಾಡಿಯ ಕಂಪನಿಯದೇ ಕಾಗದದ ಫಿಲ್ಟರ್. ಗಾಡಿ ಒಪ್ಪಿಸುವ ಮುನ್ನ ಅವನೇ ಅಂಥದೊಂದನ್ನು ಹೊಸದಾಗಿ ಹಾಕಿದ್ದ. ಎರಡನೆಯದು ತೊಳೆದು ಮತ್ತೆ ಬಳಸುವ, ಎಣ್ಣೆ ಸವರಿದ ಕೆಂಪು ಹತ್ತಿಯದು. ಅದನ್ನು ಕೈಯಲ್ಲಿ ಹಿಡಿದಾಗ ಫಿಟ್ಟರನಿಗೆ ಆಸೆಯೇ ಆಯಿತು. ಅದನ್ನು ಹಾಕಿದರೆ ಗಾಡಿ ಇನ್ನಷ್ಟು ಹಗುರವಾಗಿ ಉಸಿರಾಡಿ ನರ್ಸರಿಯವನ ಭಾಗ್ಯದ ಬಾಗಿಲು ತೆರೆದಂತಾಗುತ್ತಿತ್ತು. ಕೆಳಗಿಟ್ಟ. ಮೂರನೆಯದು ಹೆಸರಿಲ್ಲದ ಹಳದಿ ಡಬ್ಬದ್ದು. ಕಾಗದ ಆಮಂತ್ರಣ ಪತ್ರಿಕೆಯಷ್ಟು ದಪ್ಪ, ಮಡಿಕೆಗಳೋ ಅಲ್ಲೊಂದು ಇಲ್ಲೊಂದು. ಬಾಗಿಲ ಬೆಳಕಿಗೆ ಹಿಡಿದು ಒಂದೊಂದು ಮಡಿಕೆಯನ್ನೂ ಬಿಡಿಸಿ ನೋಡಿದ, ಎಲ್ಲೂ ತೂತಿಲ್ಲ. ಅಂಚಿನ ರಬ್ಬರನ್ನು ಒತ್ತಿ ನೋಡಿದ, ಮೃದುವಾಗಿ ಕೂರುವಂಥದು. ಧೂಳು ಒಳಗೆ ಹೋಗುವುದಿಲ್ಲ, ಗಾಳಿಯೂ ಸಲೀಸಾಗಿ ಹೋಗುವುದಿಲ್ಲ. ಇದಕ್ಕಿಂತ ಒಳ್ಳೆಯ ಕೆಟ್ಟ ಫಿಲ್ಟರ್ ಸಿಗಲಾರದು.

"ನೋಡೋ ರೀತಿ ನೋಡಿದ್ರೆ ಕೆಲಸ ಗೊತ್ತಿರೋರ ಹಾಗಿದ್ದೀರಿ. ಇದನ್ನ ಯಾಕೆ ತಗೋತೀರಿ?" ಎಂದಳು ಅಂಗಡಿಯಾಕೆ.

"ಗಾಡಿ ನಂದಲ್ಲಮ್ಮ" ಎಂದ ಫಿಟ್ಟರ್. ಸದ್ಯಕ್ಕೆ ಅದು ನಿಜವೂ ಆಗಿತ್ತು.

ಮುಂದಿನದು ವೇಷ. ಹೊಸ ಫಿಲ್ಟರ್ ಒಂದು ವರ್ಷ ಹಳೆಯದಾಗಿ ಕಾಣಬೇಕು. ಜುಗ್ಗ ಷಡ್ಡಕ ಒಳ್ಳೆಯದನ್ನು ಕಿತ್ತು ಅಗ್ಗದ್ದನ್ನು ತುರುಕಿ ಆಮೇಲೆ ಅತ್ತ ತಲೆಯೇ ಹಾಕಲಿಲ್ಲ ಎಂದು ನೋಡಿದವರೆಲ್ಲ ಅಂದುಕೊಳ್ಳಬೇಕು. ಫಿಟ್ಟರ್ ವರ್ಕ್‌ಶಾಪಿನಲ್ಲಿ ಬೇರೆ ಗಾಡಿಗಳ ಫಿಲ್ಟರ್ ಕೊಡವಿದಾಗ ಬಿದ್ದ ಧೂಳನ್ನು ಡಬ್ಬಿಯಲ್ಲಿ ಕೂಡಿಟ್ಟ, ಜರಡಿ ಹಿಡಿದ, ಚಿಟಿಕೆ ಮಸಿ ಸೇರಿಸಿದ. ಮೂರು ದಿನ ಊಟದ ಬಿಡುವಿನಲ್ಲಿ ಮಡಿಕೆ ಮಡಿಕೆಗೂ ಉದುರಿಸಿ ಗಾಳಿಯ ಪೈಪಿನಿಂದ ಮೆಲ್ಲಗೆ ಊದಿ ಕೂರಿಸಿದ. ಕೊನೆಗೆ ನರ್ಸರಿಯಿಂದಲೇ ತಂದಿದ್ದ ಒಣ ಎಲೆಯ ಚೂರು, ಜೊತೆಗೆ ಒಂದು ಸತ್ತ ನೊಣ. ದೂರ ನಿಂತು ನೋಡಿ ಅವನಿಗೇ ಆ ಷಡ್ಡಕನ ಮೇಲೆ ಸಿಟ್ಟು ಬಂತು. ಯಾವನಯ್ಯಾ ಇವನು, ಇಷ್ಟೊಂದು ಅಲಕ್ಷ್ಯ!

"ಏನ್ರೀ, ಎರಡು ದಿನದಿಂದ ಒಬ್ಬೊಬ್ಬರೇ ನಗ್ತಿದ್ದೀರಿ?" ಎಂದು ಹೆಂಡತಿ ಕೇಳಿದಳು.

"ನಗಬಾರದಾ?"

"ನಗಿ. ಆದ್ರೆ ನಮ್ಮಮ್ಮ ಜಾರಿ ಬಿದ್ದಾಗಲೂ ನೀವು ಹೀಗೇ ನಕ್ಕಿದ್ರಿ, ಅದಕ್ಕೆ ಕೇಳ್ದೆ."

ಭಾನುವಾರ ನಾದಿನಿಯ ಮನೆಯಲ್ಲಿ ಊಟ. ಊಟವಾದ ಮೇಲೆ ಆ ಮನೆಯಲ್ಲಿ ಎಲ್ಲರೂ ಕೈಕಾಲು ಚಾಚಿ ಮಲಗುತ್ತಾರೆ, ಒಂದು ಗಂಟೆ ಆನೆ ನುಗ್ಗಿದರೂ ಏಳುವುದಿಲ್ಲ. ಫಿಟ್ಟರ್ ಗಿಡ ನೋಡುವ ನೆಪದಲ್ಲಿ ಹೊರಬಂದ. ಪಿಕಪ್ ಕುಂಡಗಳ ರಾಶಿಯ ಹಿಂದೆ ನೆರಳಿನಲ್ಲಿ ನಿಂತಿತ್ತು. ಬೆರಳಚ್ಚು ಹುಡುಕಲು ಯಾರೂ ಬರುವುದಿಲ್ಲವೆಂದು ಗೊತ್ತಿದ್ದರೂ ಕೈಗವಸು ತೊಟ್ಟುಕೊಂಡ. ಕೆಲಸ ಎಂದ ಮೇಲೆ ಅಚ್ಚುಕಟ್ಟು ಬೇಡವೇ? ಬಾನೆಟ್ ಎತ್ತಿದ. ಫಿಲ್ಟರ್ ಡಬ್ಬದ ನಾಲ್ಕು ಕ್ಲಿಪ್ ಸದ್ದಿಲ್ಲದೆ ಬಿಚ್ಚಿದ. ಒಳ್ಳೆಯ ಫಿಲ್ಟರನ್ನು ತೆಗೆದು ಬಟ್ಟೆ ಚೀಲಕ್ಕೆ ಇಳಿಸಿದ. ಡಬ್ಬದ ಒಳಗನ್ನು ಒರೆಸಲು ಹೋದ ಕೈಯನ್ನು ಅರ್ಧದಲ್ಲೇ ತಡೆದ. ವರ್ಷದಿಂದ ಯಾರೂ ಮುಟ್ಟದ ಡಬ್ಬ ಕೊಳಕಾಗಿಯೇ ಇರಬೇಕಲ್ಲ! ತನ್ನ ಎಚ್ಚರಕ್ಕೆ ತಾನೇ ತಲೆದೂಗಿದ. ಆಮೇಲೆ ಹೊಸ ಹಳೆಯ ಫಿಲ್ಟರನ್ನು ಕೂರಿಸಿ, ಅಂಚಿನ ಸುತ್ತ ಹೆಬ್ಬೆರಳಿನಿಂದ ಒತ್ತಿ, ಎಲ್ಲ ಮುಗಿಸಿ, ಮುಚ್ಚಳ ಹಾಕಿ ಕ್ಲಿಪ್ ಬಿಗಿದ. ಎಂಟು ನಿಮಿಷ. ಒಳಗೆ ಬಂದು ಮಾವನ ಪಕ್ಕದಲ್ಲೇ ಮಲಗಿ ಅವರಿಗಿಂತ ಜೋರಾಗಿ ಗೊರಕೆ ಹೊಡೆದ.

ಮೂರನೆಯ ದಿನ ಫೋನ್ ಬಂತು. "ಅಣ್ಣ, ಗಾಡಿ ಕಪ್ಪು ಹೊಗೆ ಬಿಡ್ತಿದೆ. ಏರಿನಲ್ಲಿ ಎಳೀತಾನೇ ಇಲ್ಲ. ಒಂಚೂರು ನೋಡ್ತೀರಾ?"

"ಅಯ್ಯೋ, ಈ ವಾರ ತಲೆ ಕೆರೆಯೋಕೂ ಪುರುಸೊತ್ತಿಲ್ಲ ಕಣಪ್ಪ. ಸ್ವಲ್ಪ ಜೋಪಾನವಾಗಿ ಓಡಿಸು" ಎಂದ ಫಿಟ್ಟರ್. ಬೇರೆ ಮೆಕ್ಯಾನಿಕ್ ಹತ್ತಿರ ಹೋಗುತ್ತಾನೆಂಬ ಭಯವಿರಲಿಲ್ಲ. ನರ್ಸರಿಯವನು ಅಣ್ಣನನ್ನು ಬಿಟ್ಟು ಬೇರೆಯವರಿಗೆ ಬಾನೆಟ್ ಮುಟ್ಟಿಸುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವನು. ಆ ನಂಬಿಕೆ ಫಿಟ್ಟರನನ್ನು ಒಂದು ಕ್ಷಣ ಚುಚ್ಚಿತು. ಆದರೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಒಂದು ಸಂಜೆ ಪಿಕಪ್ ಉಬ್ಬಸದವರಂತೆ ಕೆಮ್ಮುತ್ತ ವರ್ಕ್‌ಶಾಪಿನ ಮುಂದಿನ ಏರು ಹತ್ತಿದ್ದು. ಇನ್ನು ಸ್ವಲ್ಪ ದಿನ ತಡ್ಕೋ ರಾಜ ಎಂದು ಮನಸ್ಸಿನಲ್ಲೇ ಸಮಾಧಾನ ಹೇಳಿದ.

ಮೂರನೆಯ ವಾರ ಸುದ್ದಿ ಮಾವನ ಕಿವಿಗೆ ಬಿತ್ತು. ಬೀಳುವಂತೆ ಫಿಟ್ಟರ್ ನೋಡಿಕೊಂಡಿದ್ದ. ಭಾನುವಾರ ಬೆಳಗ್ಗೆ ಅವರ ಅಂಗಳದಲ್ಲಿ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು, ಅತ್ತೆ, ಎಲ್ಲ ಸೇರಿದರು. ಮಾವ ತಾವೇ ಗಾಡಿ ಓಡಿಸಿ ಒಂದು ಸುತ್ತು ಹೋಗಿ ಬಂದರು. ಹಿಂದೆ ಕರಿ ಬಾಲದಂತೆ ಹೊಗೆ.

"ಉಸಿರೇ ಸಿಗ್ತಿಲ್ಲ ಇದಕ್ಕೆ. ಅಳಿಯಂದ್ರೆ, ಸ್ವಲ್ಪ ನೋಡಿ" ಎಂದರು, ಮುಖ ಗಂಟಿಕ್ಕಿಕೊಂಡು.

ಈ ಘಳಿಗೆಗಾಗಿ ಫಿಟ್ಟರ್ ಕನ್ನಡಿಯ ಮುಂದೆ ತಾಲೀಮು ಮಾಡಿದ್ದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ನಾನು ಮುಟ್ಟಲ್ಲ ಮಾವ. ನಾಳೆ ನಾನೇ ಏನೋ ಮಾಡಿದೆ ಅನ್ನೋ ಮಾತು ಬರಬಾರದು. ಅವನೇ ತೆಗೀಲಿ. ಅಲ್ಲಿ ಕಪ್ಪು ಡಬ್ಬ ಇದೆಯಲ್ಲ, ನಾಲ್ಕು ಕ್ಲಿಪ್ ಬಿಚ್ಚಪ್ಪ."

ನರ್ಸರಿಯವನು ತಡಕಾಡಿ ಬಿಚ್ಚಿದ. ಫಿಲ್ಟರ್ ಹೊರಬರುತ್ತಲೇ ಧೂಳು ಭಸ್ ಎಂದು ಅವನ ಅಂಗಿಯ ಮೇಲೆ ಸುರಿಯಿತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಸತ್ತ ನೊಣ ನಾದಿನಿಯ ಕಾಲ ಬಳಿ ಬಿತ್ತು. ಎಲ್ಲವೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ನಡೆಯುತ್ತಿತ್ತು.

"ಛೆ ಛೆ" ಎಂದ ಫಿಟ್ಟರ್, ನೋವಿನ ದನಿಯಲ್ಲಿ. "ನಾನು ಕಂಪನಿದು ಹೊಸದು ಹಾಕಿ ಕೊಟ್ಟಿದ್ದೆ. ಅದನ್ನ ಕಿತ್ತು ಈ ಅಗ್ಗದ್ದನ್ನ ತುರುಕಿದ್ದಾನೆ. ವರ್ಷದಿಂದ ಒಂದು ಸಲಾನೂ ತೆಗೆದು ಕೊಡವಿಲ್ಲ. ನನ್ನ ಹತ್ರ ತರ್ತಿದ್ದಿದ್ದು ಬರೀ ಎಣ್ಣೆ ಬದಲಿಸೋಕೆ. ಎಂಜಿನ್ನಿಗೂ ಜೀವ ಇರತ್ತೆ ಮಾವ."

"ಇಲ್ಲ ಅಣ್ಣ, ಆಣೆಗೂ ನಾನು ಈ ಡಬ್ಬ ತೆಗೆದೇ ಇಲ್ಲ. ನೀವು ಹಾಕಿದ್ದೇ ಇದೆ ಅಂದ್ಕೊಂಡಿದ್ದೆ." ನರ್ಸರಿಯವನ ಕಣ್ಣಲ್ಲಿ ನೀರು ಬಂತು. ನಾದಿನಿ ತಲೆತಗ್ಗಿಸಿದಳು. ಮಾವ ಕೈಚಾಚಿದರು. ಷಡ್ಡಕ ಒಂದು ಕೈಯಲ್ಲಿ ಕೀಲಿ ಕೊಟ್ಟ, ಇನ್ನೊಂದು ಕೈಯಲ್ಲಿ ಫಿಲ್ಟರ್ ಕೊಟ್ಟ. ಮಾವ ದೊಡ್ಡ ಅಳಿಯನ ಕಡೆ ತಿರುಗಿದರು. ಫಿಟ್ಟರ್ ಬೆನ್ನ ಹಿಂದಿನ ಕೈಗಳನ್ನು ನಿಧಾನವಾಗಿ ಮುಂದೆ ತಂದ. ತನ್ನ ಮನೆಯಂಗಳಕ್ಕೆ ತಾನು ಆರಿಸಿಟ್ಟ ಬಣ್ಣದ ಪಿಕಪ್ ಬಂದು ನಿಂತದ್ದು ಮನಸ್ಸಿನಲ್ಲೇ ಅವನಿಗೆ ಕಂಡೇಬಿಟ್ಟಿತು.

ಕೀಲಿ ಅವನ ಅಂಗೈಗೆ ಒಂದು ಗೇಣು ದೂರದಲ್ಲಿ ನಿಂತುಹೋಯಿತು. ಮಾವ ಫಿಲ್ಟರನ್ನು ಓರೆಯಾಗಿ ಬಿಸಿಲಿಗೆ ಹಿಡಿದಿದ್ದರು. ವರ್ಕ್‌ಶಾಪಿನಲ್ಲಿ ಫಿಲ್ಟರ್ ಕೂರಿಸಿದವನು ಅದರ ರಬ್ಬರ್ ಅಂಚು ಒರೆಸಿ, ಬಿಳಿ ಪೇಂಟ್ ಪೆನ್ನಿನಲ್ಲಿ ಆ ದಿನದ ತಾರೀಖು, ಗಾಡಿ ಓಡಿದ ಕಿಲೋಮೀಟರು, ಪಕ್ಕದಲ್ಲಿ ತನ್ನ ಗುರುತು ಬರೆದೇ ಮುಚ್ಚಳ ಹಾಕುವುದು ರೂಢಿ. ಮುಂದೆ ಬಿಚ್ಚುವವರಿಗೆ ಯಾವಾಗ ಹಾಕಿದ್ದೆಂದು ತಿಳಿಯಲಿ ಎಂದು. ಇಪ್ಪತ್ತು ವರ್ಷದಿಂದ ಫಿಟ್ಟರನ ಕೈ ಇದನ್ನು ಅವನನ್ನು ಕೇಳದೆಯೇ ಮಾಡುತ್ತಿತ್ತು, ಆ ಭಾನುವಾರ ಮಧ್ಯಾಹ್ನವೂ ಕೇಳಿರಲಿಲ್ಲ. ಕೈಗವಸು ತೊಟ್ಟ ಆ ಕೈ ಪೆನ್ನು ತೆಗೆದಿತ್ತು, ಕಣ್ಣು ಕಿಟಕಿ ಗಾಜಿಗೆ ಬಗ್ಗಿ ಮೀಟರ್ ನೋಡಿತ್ತು. ಧೂಳು ಮೆತ್ತಿದ ಆ ಒಂದು ವರ್ಷದ ಕೊಳೆಯ ಸುತ್ತ ಒರೆಸಿದ ಅಂಚು ಈಗ ಕರ್ರಗೆ ಹೊಳೆಯುತ್ತಿತ್ತು. ಅದರ ಮೇಲೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಇಪ್ಪತ್ತೊಂದು ದಿನದ ಹಿಂದಿನ ತಾರೀಖು, ಕಿಲೋಮೀಟರು, ಹನ್ನೊಂದು ವರ್ಷ ಮಾವ ಇದೇ ಡಬ್ಬದಲ್ಲಿ ನೋಡುತ್ತ ಬಂದಿದ್ದ, ಫಿಟ್ಟರನ ಗುರುತಾದ ವೃತ್ತದೊಳಗಿನ ಚುಕ್ಕೆ. "ಅಳಿಯಂದ್ರೆ," ಎಂದರು ಮಾವ, ಕೀಲಿಯನ್ನು ಜೇಬಿಗಿಳಿಸುತ್ತ, "ಈ ತಾರೀಖಿನ ದಿನ ನಮ್ಮೆಲ್ಲರದೂ ಊಟ ಚಿಕ್ಕೋಳ ಮನೇಲೇ ಅಲ್ವಾ?"